ಜಮಾ ಮಾತ್ರ ಇದ್ದ ಕಿರ್ದಿ

ಪುಣೆಯಲ್ಲಿರುವ ಕನ್ನಡಿಗರಿಗೆ, ಅದರಲ್ಲೂ ದಾರಿಯಲ್ಲಿ ಕುಂಟುವ ನಾಯಿ ಕಂಡರೆ ಗಾಡಿ ನಿಲ್ಲಿಸುವ ಸ್ವಭಾವದವರಿಗೆ ಇದನ್ನು ಬರೆಯುತ್ತಿದ್ದೇನೆ. 2024ರ ಏಪ್ರಿಲ್‌ನಿಂದ ಏಳು ತಿಂಗಳು ನಾನು ನಗರದ ಹೊರವಲಯದ ಒಂದು ಪ್ರಾಣಿ ಆಶ್ರಯಧಾಮದಲ್ಲಿ ವ್ಯವಸ್ಥಾಪಕನಾಗಿದ್ದೆ. ಆ ಏಳು ತಿಂಗಳ ಬಾಕಿ ತೀರಿಸಲು ಇಂದಿಗೂ ಶಿವಾಜಿನಗರದ ಕೋರ್ಟಿಗೆ ತಾರೀಖಿಗೆ ಹೋಗಿ ಬರುತ್ತಿದ್ದೇನೆ. ಸಂಸ್ಥೆಯ ಹೆಸರು ಹೇಳುವುದಿಲ್ಲ. ವಕೀಲರು ಬೇಡ ಎಂದಿದ್ದಾರೆ. ಹೇಳಿದರೂ ಏನು ಪ್ರಯೋಜನ, ಬೋರ್ಡು ಬದಲಿಸಲು ಅರ್ಧ ದಿನ ಸಾಕು.

ನಾನು ಧಾರವಾಡದ ಕಡೆಯವನು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಹದಿನಾರು ವರ್ಷ ಲೆಕ್ಕ ಬರೆದವನು. ಕಾರ್ಖಾನೆ ಚಾಕಣಕ್ಕೆ ಹೋಯಿತು, ನಾನು ಹೋಗಲಿಲ್ಲ. ಮನೆಯ ಮುಂದಿನ ನಾಲ್ಕು ನಾಯಿಗಳಿಗೆ ಅನ್ನ ಹಾಕುತ್ತಿದ್ದೆನಲ್ಲ, ಆ ಅರ್ಹತೆಯ ಮೇಲೆ ಈ ಕೆಲಸ ಸಿಕ್ಕಿತು. ಸಂಬಳ ಹಿಂದಿನದರ ಅರ್ಧಕ್ಕೂ ಕಡಿಮೆ. ಪುಣ್ಯದ ಕೆಲಸವೆಂದು ಹೆಂಡತಿಯನ್ನು ಒಪ್ಪಿಸಿದೆ.

ಆಶ್ರಯಧಾಮವನ್ನು ನಡೆಸುತ್ತಿದ್ದ ಮಹಿಳೆಯನ್ನು ಎಲ್ಲರೂ ‘ತಾಯಿ’ ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಇಷ್ಟು ವರ್ಷ ಪುಣೆಯಲ್ಲಿದ್ದು ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕಿವಿಗೆ ಅದು ಕನ್ನಡದಲ್ಲಿಯೇ ಬಿತ್ತು. ನಾನು ಮೋಸ ಹೋದದ್ದರಲ್ಲಿ ಆ ಪದದ ಪಾಲೂ ಇದೆ ಎಂದರೆ ನಗಬೇಡಿ.

ಅಲ್ಲಿ ‘ಜಾಗವಿಲ್ಲ’ ಎಂಬ ಮಾತೇ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೂ ‘ತಂದು ಬಿಡಿ’ ಎಂಬ ಒಂದೇ ಉತ್ತರ. ನಲವತ್ತು ನಾಯಿಗಳಿಗೆಂದು ಕಟ್ಟಿದ ತಗಡಿನ ಶೆಡ್ಡು ಅದು. ಬೇರೆ ಆಶ್ರಯಧಾಮಗಳು ‘ತುಂಬಿದೆ, ಮುಂದಿನ ವಾರ ನೋಡೋಣ’ ಎಂದಾಗ ಜನ ಶಪಿಸುತ್ತಾರೆ. ನಾನೂ ಶಪಿಸಿದ್ದೇನೆ. ಈಗ ಯಾರಾದರೂ ‘ಜಾಗವಿಲ್ಲ’ ಎಂದರೆ ಅವರ ಮೇಲೆ ಗೌರವ ಬರುತ್ತದೆ. ಯಾವುದನ್ನೂ ನಿರಾಕರಿಸದ ಶೆಡ್ಡಿನಲ್ಲಿ ಜಾಗ ಹೇಗೆ ಹುಟ್ಟುತ್ತದೆ ಎಂದು ನಾನು ಮೊದಲ ದಿನವೇ ಕೇಳಿಕೊಳ್ಳಬೇಕಿತ್ತು.

ಮೂರನೆಯ ವಾರ ರಿಜಿಸ್ಟರ್ ಕೈಗೆ ಬಂತು. ಕೆಂಪು ಬಟ್ಟೆಯ ಬೈಂಡಿನ ಉದ್ದನೆಯ ಪುಸ್ತಕ, ನಮ್ಮ ಕಡೆ ಅಡತಿ ಅಂಗಡಿಗಳಲ್ಲಿ ಕಿರ್ದಿ ಬರೆಯುತ್ತಾರಲ್ಲ, ಅಂಥದ್ದು. ಬಂದ ದಿನ, ತಂದವರ ಹೆಸರು, ಬಣ್ಣ, ಗಂಡೋ ಹೆಣ್ಣೋ ಎಲ್ಲವೂ ಅಚ್ಚುಕಟ್ಟಾಗಿತ್ತು. ಬಲಬದಿಯಲ್ಲಿ ‘ದತ್ತು’, ‘ಬಿಡುಗಡೆ’, ‘ಮರಣ’ ಎಂದು ಮೂರು ಕಾಲಂ. ಪುಟದಿಂದ ಪುಟಕ್ಕೆ ಮೂರೂ ಖಾಲಿ. ಹದಿನಾರು ವರ್ಷ ಲೆಕ್ಕ ಬರೆದವನು ನಾನು. ಜಮಾ ಮಾತ್ರ ಇದ್ದು ಖರ್ಚೇ ಇಲ್ಲದ ಕಿರ್ದಿಯನ್ನು ಅದುವರೆಗೆ ಕಂಡಿರಲಿಲ್ಲ. ಹನ್ನೊಂದು ತಿಂಗಳಲ್ಲಿ 611 ನಾಯಿಗಳು ಜಮಾ ಆಗಿದ್ದವು. ಶಿಲ್ಕು ಎಷ್ಟಿದೆ ನೋಡೋಣ ಎಂದು ಸಂಜೆ ಶೆಡ್ಡಿಗೆ ಹೋಗಿ ಎರಡು ಸಲ ಎಣಿಸಿದೆ. 137.

ಉಳಿದವು ಎಲ್ಲಿ ಎಂದು ಕೇಳಿದ್ದಕ್ಕೆ, ‘ಎಲ್ಲ ಒಳ್ಳೆಯ ಮನೆ ಸೇರಿವೆ, ಬರೆಯಲು ಪುರಸೊತ್ತಾಗಿಲ್ಲ’ ಎಂದರು. ಶೆಡ್ಡಿನ ಹಿಂದೆ ಸುಣ್ಣದ ಚೀಲಗಳನ್ನು ಒಟ್ಟಿದ್ದರು. ಗೋಡೆಗೆ ಬಳಿಯಲು ಇರಬಹುದು ಎಂದುಕೊಂಡೆ. ಗೋಡೆಗಳೆಲ್ಲ ತಗಡಿನವು ಎಂಬುದು ಕಣ್ಣೆದುರೇ ಇತ್ತು. ಸಂಬಳ ಕೊಡುವವರ ಮಾತನ್ನು ನಂಬಬೇಕೆಂದು ಹೊರಟ ಮನುಷ್ಯನಿಗೆ ತಗಡೂ ಇಟ್ಟಿಗೆಯಾಗಿ ಕಾಣುತ್ತದೆ.

ಜುಲೈನಲ್ಲಿ ಮಳೆ ಹಿಡಿಯಿತು. ಚಿಂಚವಾಡದಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುವ ಬಾಗಲಕೋಟೆ ಕಡೆಯ ಒಬ್ಬ ಹೆಂಗಸು ಫೋನ್ ಮಾಡಿದರು. ತಾಯಿನಾಯಿ ಟೆಂಪೋಗೆ ಸಿಕ್ಕಿ ಸತ್ತಿದೆ, ಐದು ಮರಿಗಳು ಹಿತ್ತಲಿನ ಗಟಾರದಲ್ಲಿ ನೆನೆಯುತ್ತಿವೆ ಎಂದರು. ನಾನೇ ಹೋದೆ. ನಾಲ್ಕು ಸಿಕ್ಕವು. ಐದನೆಯದು, ಕರಿಯ ಮರಿ, ಗ್ಯಾಸ್ ಸಿಲಿಂಡರಿನ ಹಿಂದೆ ಹೊಕ್ಕು ಎಷ್ಟು ಪುಸಲಾಯಿಸಿದರೂ ಬರಲಿಲ್ಲ. ‘ಅದು ಇರಲಿ ಬಿಡ್ರಿ’ ಎಂದು ಆಕೆ ನಾಲ್ಕನ್ನೇ ಹಳೆಯ ಸೀರೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ಕೊಟ್ಟರು.

ಹೊಸದಾಗಿ ಬಂದ ಪ್ರಾಣಿಯನ್ನು ಕನಿಷ್ಠ ಎರಡು ವಾರ ಉಳಿದವುಗಳಿಂದ ಬೇರೆ ಇಡಬೇಕು ಎಂಬುದು ಈ ಕೆಲಸದ ಅಆಇಈ. ನಮ್ಮಲ್ಲಿ ಬೇರೆ ಕೋಣೆ ಎಂಬುದೇ ಇರಲಿಲ್ಲ. ಮರಿಗಳು ಸೇರಿದ ಮೂಲೆಯಲ್ಲಿ ಹಿಂದಿನ ವಾರವಷ್ಟೇ ಪಾರ್ವೊ ಎಂಬ ವೈರಸ್ ರೋಗದಿಂದ ಸತ್ತ ಮರಿಗಳು ಮಲಗಿದ್ದವಂತೆ. ಆ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲಿಗೆ ಜಗ್ಗುವುದಿಲ್ಲ, ಬ್ಲೀಚ್ ಬೇಕು, ಅದೂ ನೆಲವನ್ನು ತಿಕ್ಕಿ ತೊಳೆದ ಮೇಲೆ. ಇದನ್ನೆಲ್ಲ ನನಗೆ ಹೇಳಿದ್ದು ಭಾನುವಾರಕ್ಕೊಮ್ಮೆ ಬರುತ್ತಿದ್ದ ಪಶುವೈದ್ಯ, ಅದೂ ಮರಿಗಳು ಕಾಯಿಲೆ ಬಿದ್ದ ಮೇಲೆ. ನಾವು ದಿನವೂ ಪರಿಮಳದ ಫಿನಾಯಿಲ್ ಸುರಿದು ನೆಲವನ್ನು ಫಳಫಳ ಹೊಳೆಸುತ್ತಿದ್ದೆವು.

ಐದನೆಯ ದಿನ ಮೊದಲ ಮರಿ ಹಾಲು ಬಿಟ್ಟಿತು. ವಾಂತಿ, ಆಮೇಲೆ ರಕ್ತಭೇದಿ. ಪಾರ್ವೊ ಭೇದಿಗೆ ಒಂದು ವಾಸನೆಯಿದೆ, ತುಕ್ಕಿನ ನೀರಿಗೆ ಕೊಳೆತ ಸಿಹಿ ಬೆರೆತಂತೆ. ಒಮ್ಮೆ ಮೂಗಿಗೆ ಬಿದ್ದರೆ ಆಮೇಲೆ ರಿಪೋರ್ಟು ಬೇಕಿಲ್ಲ. ಮರಿಯ ಮುಂಗಾಲಿನ ನರ ದಾರದಷ್ಟು ಸಣ್ಣದು. ಟಾರ್ಚ್ ಬೆಳಕಿನಲ್ಲಿ ಹುಡುಕಿ ಸೂಜಿ ಚುಚ್ಚಿ, ಸಲೈನ್ ಬಾಟಲಿಯನ್ನು ಕಿಟಕಿಯ ಮೊಳೆಗೆ ತೂಗುಹಾಕಿ ರಾತ್ರಿಯೆಲ್ಲ ಹನಿ ಎಣಿಸುತ್ತ ಕುಳಿತೆ. ಬೆಳಗಿನ ಜಾವ ಅದು ನನ್ನ ಹೆಬ್ಬೆರಳನ್ನು ಎರಡು ಸಲ ನೆಕ್ಕಿತು. ಚೇತರಿಸಿಕೊಂಡಿತು ಎಂದುಕೊಂಡೆ. ಏಳು ಗಂಟೆಗೆ ತಣ್ಣಗಾಗಿತ್ತು. ಆರು ದಿನಗಳಲ್ಲಿ ನಾಲ್ಕೂ ಹೋದವು.

ಆ ಆರು ದಿನವೂ ಖಾನಾವಳಿಯಿಂದ ಫೋನ್ ಬರುತ್ತಿತ್ತು. ‘ಮರಿಗಳು ಹೇಗಿವೆ?’ ‘ಚೆನ್ನಾಗಿವೆ’ ಎನ್ನುತ್ತಿದ್ದೆ. ಹಾಗೆ ಹೇಳಲು ನನಗೆ ಯಾರೂ ಕಲಿಸಿರಲಿಲ್ಲ. ಸುಣ್ಣದ ಚೀಲದ ಗುಟ್ಟು ಆಗ ತಿಳಿಯಿತು, ಸತ್ತವುಗಳನ್ನು ಹೂಳಿ ಮೇಲೆ ಸುರಿಯಲು. ರಿಜಿಸ್ಟರ್ ತೆಗೆದು ಮರಣದ ಕಾಲಂನಲ್ಲಿ ನಾಲ್ಕು ಸಾಲು ಬರೆದೆ. ಆ ಪುಸ್ತಕದ ಬಲಬದಿಗೆ ಬಿದ್ದ ಮೊದಲ ಶಾಯಿ ಅದು. ಮರುದಿನ ಆ ಪುಟ ಇರಲಿಲ್ಲ.

ಅಂದೇ ಬಿಟ್ಟು ಬರಬೇಕಿತ್ತು. ‘ನಾನು ಹೋದರೆ ಈ 130 ನಾಯಿಗಳನ್ನು ಯಾರು ನೋಡುತ್ತಾರೆ’ ಎಂಬ ಒಂದು ಮಾತು ಎಲ್ಲರನ್ನೂ ಅಲ್ಲಿ ಹಿಡಿದಿಡುತ್ತದೆ. ನನ್ನನ್ನೂ ಹಿಡಿಯಿತು.

ಹಣದ ದಾರಿಗಳು ಒಂದೊಂದಾಗಿ ಕಂಡವು. ಹೌಸಿಂಗ್ ಸೊಸೈಟಿಗಳ ಕಾರ್ಯದರ್ಶಿಗಳು ರಾತ್ರಿ ಟೆಂಪೋದಲ್ಲಿ ನಾಯಿ ತಂದು ಬಿಡುತ್ತಿದ್ದರು, ತಲೆಗೆ ಇಷ್ಟು ಎಂದು ನಗದು ಕೊಟ್ಟು ಹೋಗುತ್ತಿದ್ದರು. ಅವುಗಳಲ್ಲಿ ಎಷ್ಟೋ ನಾಯಿಗಳ ಕಿವಿಯಲ್ಲಿ ಕತ್ತರಿಸಿದ ಗುರುತಿತ್ತು, ಅಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿ ವಾಪಸು ಬಿಟ್ಟ ನಾಯಿಗಳು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ಸೊಸೈಟಿ ತನ್ನ ಆವರಣದ ನಾಯಿಗಳಿಗೆ ಊಟ ಹಾಕುವ ಜಾಗವನ್ನೂ ಗೊತ್ತು ಮಾಡಬೇಕು ಎಂದು ಅದೇ ನಿಯಮ ಹೇಳುತ್ತದೆ. ಟೆಂಪೋಗೆ ಹತ್ತಿಸುವುದು ಅದರಲ್ಲಿ ಎಲ್ಲೂ ಇಲ್ಲ. ಇನ್ನು, ನಮ್ಮ ಶೆಡ್ಡಿನ ಮೇಜಿನ ಮೇಲೆ ಭಾನುವಾರ ನಡೆಯುತ್ತಿದ್ದ ಶಸ್ತ್ರಚಿಕಿತ್ಸೆಗಳಿಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕಿತ್ತು. ಗೋಡೆಯ ಮೇಲೆ ಮಂಡಳಿಯ ಪತ್ರವೊಂದರ ಜೆರಾಕ್ಸ್ ಫ್ರೇಮಿನಲ್ಲಿತ್ತು. ಹತ್ತಿರ ಹೋಗಿ ಓದಿದರೆ ಅವಧಿ ಎಂದೋ ಮುಗಿದಿತ್ತು. ಫ್ರೇಮು ಹಾಕಿದ ಕಾಗದವನ್ನು ಯಾರೂ ಓದುವುದಿಲ್ಲ.

ದೇಣಿಗೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಟ್ರಸ್ಟಿನ ಹೆಸರು ಬರುತ್ತಿರಲಿಲ್ಲ, ವ್ಯಕ್ತಿಯ ಹೆಸರು ಬರುತ್ತಿತ್ತು. ಲೆಕ್ಕದವನಾಗಿ ನನಗೆ ನಾಚಿಕೆಯಾಗುವುದು ಇಲ್ಲಿಯೇ. ದಾನಿಗೆ ಆದಾಯ ತೆರಿಗೆಯಲ್ಲಿ 80ಜಿ ವಿನಾಯಿತಿ ಇದೆ ಎಂದು ಪೋಸ್ಟರಿನಲ್ಲಿ ಬರೆದಿದ್ದರು. ಹಾಗಿದ್ದರೆ ದಾನಿಗೆ ಹಣಕಾಸು ವರ್ಷ ಮುಗಿದ ಮೇಲೆ ಆಗಿನ 10ಬಿಇ ನಮೂನೆಯ ಪ್ರಮಾಣಪತ್ರ ಹೋಗಬೇಕಿತ್ತು, ಎರಡು ಸಾವಿರ ರೂಪಾಯಿ ಮೀರಿದ ನಗದಿಗೆ ವಿನಾಯಿತಿಯೇ ಇರಲಿಲ್ಲ. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆಯಂತೆ ನೋಂದಾಯಿತ ಟ್ರಸ್ಟಿನ ಲೆಕ್ಕ ಆಡಿಟ್ ಆಗಿ ಧರ್ಮಾದಾಯ ಆಯುಕ್ತರ ಕಚೇರಿಗೆ ಸೇರಬೇಕು. ನಾನು ಸೇರುವ ಮುನ್ನ ಕೇಳಬೇಕಾಗಿದ್ದದ್ದು ಒಂದೇ ಪ್ರಶ್ನೆ: ಕಳೆದ ವರ್ಷದ ಆಡಿಟ್ ವರದಿ ತೋರಿಸುತ್ತೀರಾ? ಭೋಸರಿಯಲ್ಲಿ ನಟ್ಟು ಬೋಲ್ಟು ಮಾರುವವನಿಗೂ ಕೇಳುತ್ತಿದ್ದೆ. ಇಲ್ಲಿ ಕೇಳಿದರೆ ಪುಣ್ಯಕ್ಕೆ ಕುಂದು ಎಂದುಕೊಂಡೆ.

ಆಗಸ್ಟಿನಲ್ಲಿ ಯಾದಗಿರಿ ಕಡೆಯ ಹುಡುಗನಿಗೆ ನಾಯಿ ಕಚ್ಚಿತು. ಕಟ್ಟಡ ಕೆಲಸಕ್ಕೆಂದು ಪುಣೆಗೆ ಬಂದು, ಇಲ್ಲಿ ನೆರಳು ಇದೆಯೆಂದು ಸೇರಿದವನು. ಮುಂಗೈಯಲ್ಲಿ ಆಳವಾದ ಎರಡು ತೂತು. ತಾಯಿ ಅರಿಶಿನ ಮೆತ್ತಲು ಬಂದರು. ನಾನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಪ್ರತಿಕಾಯದ ಚುಚ್ಚುಮದ್ದು, ಆಮೇಲೆ 0, 3, 7, 28ನೆಯ ದಿನಗಳ ಲಸಿಕೆ. ವೈದ್ಯರು ಕೇಳಿದರು: ‘ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಿ. ಅದಕ್ಕೆ ಲಸಿಕೆ ಆಗಿದೆಯೇ?’ ಯಾವ ನಾಯಿ ಎಂಬುದೇ ನಮಗೆ ಗೊತ್ತಿರಲಿಲ್ಲ. ಕತ್ತಲಲ್ಲಿ, ಗುಂಪಿನಲ್ಲಿ, ಹೆಸರಿಲ್ಲದ ನಾಯಿ. ಪ್ರಾಣಿಗಳೊಂದಿಗೆ ಕೆಲಸ ಮಾಡುವವರು ಕಚ್ಚಿಸಿಕೊಳ್ಳುವ ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಂಡಿರಬೇಕು ಎಂಬುದು ಆ ದಿನ ನನಗೆ ತಿಳಿಯಿತು. ನನಗೂ ಆಗಿರಲಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ. ಹುಡುಗ ಈಗ ಆರೋಗ್ಯವಾಗಿದ್ದಾನೆ, ಊರಿಗೆ ಹೋಗಿದ್ದಾನೆ.

ಇನ್ನು ನನ್ನನ್ನು ಕೋರ್ಟಿಗೆ ಎಳೆದ ಸಹಿಯ ವಿಷಯ. ನೋಂದಣಿಯಿಲ್ಲದೆ ನಾಯಿ ಸಾಕಿ ಮಾರುತ್ತಿದ್ದ ಒಬ್ಬನ ಮೇಲೆ ಪೊಲೀಸರು ಕ್ರಮ ಕೈಗೊಂಡು ಆರು ಲ್ಯಾಬ್ರಡಾರ್ ನಾಯಿಗಳನ್ನು ವಶಪಡಿಸಿಕೊಂಡಿದ್ದರು. ಪ್ರಕರಣ ಮುಗಿಯುವವರೆಗೆ ಅವುಗಳನ್ನು ನಮ್ಮ ಸುಪರ್ದಿಗೆ ಕೊಟ್ಟರು. ತಾಯಿ ಅಂದು ಊರಲ್ಲಿರಲಿಲ್ಲ. ‘ನೀವೇ ಸಹಿ ಮಾಡಿ, ಮಾಮೂಲಿ ಕಾಗದ’ ಎಂದು ಫೋನಿನಲ್ಲಿ ಹೇಳಿದರು. ಮಾಡಿದೆ, ಸಂಸ್ಥೆಯ ಮೊಹರನ್ನೂ ಒತ್ತದೆ, ನನ್ನ ಹೆಸರಿನಲ್ಲಿ, ನನ್ನ ಆಧಾರ್ ಪ್ರತಿಯೊಂದಿಗೆ.

ಅಂಥ ನಾಯಿಗಳು ಪ್ರಕರಣದ ಮುದ್ದೆಮಾಲು, ಅಂದರೆ ಸಾಕ್ಷ್ಯವಾಗಿ ವಶಪಡಿಸಿಕೊಂಡ ಸ್ವತ್ತು. 2017ರಲ್ಲಿ ಇದಕ್ಕೆಂದೇ ನಿಯಮ ಬಂದಿದೆ: ಪಶುವೈದ್ಯರು ಪರೀಕ್ಷಿಸಬೇಕು, ಮೈಕ್ರೋಚಿಪ್‌ನಿಂದಲೋ ಕಿವಿಯ ಬಿಲ್ಲೆಯಿಂದಲೋ ಗುರುತು ಹಾಕಬೇಕು. ನ್ಯಾಯಾಲಯ ಹೇಳದೆ ಅವುಗಳನ್ನು ಯಾರಿಗೂ ಕೊಡುವಂತಿಲ್ಲ. ಸೆಪ್ಟೆಂಬರ್ ಕೊನೆಗೆ ಎಣಿಸಿದರೆ ನಾಲ್ಕೇ ಇದ್ದವು. ಎರಡು ‘ಒಳ್ಳೆಯ ಮನೆ’ ಸೇರಿದ್ದವು, ‘ದೇಣಿಗೆ’ ಪಡೆದು. ಪೊಲೀಸರು ಪರಿಶೀಲನೆಗೆ ಬಂದಾಗ ತಾಯಿ ತೋರಿಸಿದ್ದು ನನ್ನ ಸಹಿಯನ್ನು. ಅವರ ಸಹಿ ಎಲ್ಲೂ ಇರಲಿಲ್ಲ. ರಿಜಿಸ್ಟರಿನಲ್ಲಿ ಹೇಗೂ ಖರ್ಚಿನ ಬದಿಯೇ ಇಲ್ಲವಲ್ಲ.

ವಕೀಲರ ಕಚೇರಿಯಲ್ಲಿ ಕುಳಿತು ಕಾನೂನಿನ ಒಂದು ವಿಚಿತ್ರ ತಿಳಿದೆ. ಪ್ರಾಣಿಯನ್ನು ವಿಷ ಹಾಕಿ ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ಐದು ವರ್ಷದವರೆಗೆ ಸೆರೆಮನೆ. ಆದರೆ ಸಾಕಷ್ಟು ಅನ್ನ, ನೀರು, ನೆರಳು ಕೊಡದೆ ನವೆಯಿಸಿದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮು, ಮೊದಲ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ ದಂಡ. 1960ರ ಐವತ್ತು ಇಂದಿಗೂ ಐವತ್ತೇ. ಪುಣೆಯಲ್ಲಿ ಆ ಹಣಕ್ಕೆ ಹೊಟ್ಟೆ ತುಂಬ ಮಿಸಳ್ ಕೂಡ ಸಿಗದು. ಸುಣ್ಣದ ಕೆಳಗೆ ಹೋದ ನೂರಾರು ನಾಯಿಗಳ ಬೆಲೆ ಅದು. ಕಾಣೆಯಾದ ಎರಡು ಲ್ಯಾಬ್ರಡಾರ್‌ಗಳಿಗೆ ಮಾತ್ರ ನನ್ನ ಮೇಲೆ ನಂಬಿಕೆದ್ರೋಹದ ಆರೋಪ ಬರುವ ಸ್ಥಿತಿ, ಏಕೆಂದರೆ ಅವು ಕಾಗದದ ಮೇಲಿದ್ದವು. ಒಂದು ನಾಯಿಯನ್ನು ಕೊಂಡವರು ವಿಷಯ ತಿಳಿದು ತಾವಾಗಿಯೇ ತಂದೊಪ್ಪಿಸಿದರು, ಅವರ ಉಪಕಾರ ದೊಡ್ಡದು. ಇನ್ನೊಂದು ಸಿಕ್ಕಿಲ್ಲ.

ನೀವು ಇಂಥ ಕಡೆ ಸೇರುವುದಿದ್ದರೆ, ಅಥವಾ ಒಂದು ಮರಿಯನ್ನು ಒಪ್ಪಿಸಿ ಬರುವುದಿದ್ದರೆ, ನಾಯಿಗಳನ್ನು ಮುದ್ದಿಸುವ ಮೊದಲು ರಿಜಿಸ್ಟರಿನ ಬಲಬದಿಯನ್ನು ಕೇಳಿ ನೋಡಿ. ಮರಣದ ಕಾಲಂ ತುಂಬಿದ್ದರೆ ಹೆದರಬೇಡಿ, ಗಾಯಾಳುಗಳನ್ನು ತರುವ ಕಡೆ ಸಾವು ಇದ್ದೇ ಇರುತ್ತದೆ. ಖಾಲಿ ಇದ್ದರೆ ಮರಿಯನ್ನು ಎತ್ತಿಕೊಂಡು ಹೊರಡಿ. ಹೊಸ ಪ್ರಾಣಿಗಳ ಕೋಣೆ ತೋರಿಸಿ ಎನ್ನಿ. ಒಳಗೆ ಬಿಡದೆ ಗೇಟಿನಲ್ಲೇ ಬುಟ್ಟಿ ಇಸಿದುಕೊಂಡರೆ ಕೊಡಬೇಡಿ. ನಿಮ್ಮ ಹೆಸರಿನ ಪಕ್ಕದಲ್ಲಿ ಟ್ರಸ್ಟಿಯ ಸಹಿಯಿಲ್ಲದ ಯಾವ ಕಾಗದಕ್ಕೂ ಸಹಿ ಮಾಡಬೇಡಿ.

ಕೆಲಸ ಬಿಟ್ಟ ಮೇಲೆ ಒಂದು ಸಂಜೆ ಖಾನಾವಳಿಗೆ ಹೋದೆ. ಎಲ್ಲ ಹೇಳಿದೆ, ಫೋನಿನಲ್ಲಿ ಹೇಳಿದ ಸುಳ್ಳನ್ನೂ. ಆಕೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ‘ನೀವು ಕನ್ನಡದವರೆಂದು ಕೊಟ್ಟೆನಲ್ಲ’ ಎಂದರು, ಅಷ್ಟೇ. ಸಿಲಿಂಡರಿನ ಹಿಂದೆ ಅಡಗಿದ್ದ ಆ ಕರಿಯ ಮರಿ ಬೆಳೆದು ಬೆಂಚಿನ ಕೆಳಗೆ ಮಲಗಿತ್ತು, ನನ್ನ ಚಪ್ಪಲಿ ಮೂಸಿ ನೋಡಿ ಗುರ್ ಎಂದಿತು. ಲಸಿಕೆ ಹಾಕಿಸಿದ್ದೀರಾ ಎಂದು ಕೇಳಿದೆ. ಆಕೆ ಹಿಟ್ಟಿನ ಕೈಯಲ್ಲೇ ಗೋಡೆಯ ಕ್ಯಾಲೆಂಡರಿನ ಕಡೆ ತೋರಿಸಿದರು. ಹಾಲಿನ ಲೆಕ್ಕದ ನಡುವೆ ಮೂರು ತಾರೀಖುಗಳಿಗೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ಗುಂಡು ಅಕ್ಷರದಲ್ಲಿ ‘ಕರಿಯ, ಸೂಜಿ ಆತು’ ಎಂದು ಬರೆದಿದ್ದರು.