ಐನ್ಯಾಚುರಲಿಸ್ಟ್ ವಿಮರ್ಶೆ: ಆ್ಯಪ್ ಹೇಳುವ ಹೆಸರನ್ನು ಎಷ್ಟು ನಂಬಬೇಕು, ಯಾವ ಫೋಟೋ ಕೊಡಬೇಕು

ಗುರುತು ಸಿಗದ ಹುಳದ ಫೋಟೋ ತೆಗೆದು ಐನ್ಯಾಚುರಲಿಸ್ಟ್‌ಗೆ ಹಾಕಿದರೆ ಕೆಲವೇ ಕ್ಷಣಗಳಲ್ಲಿ ಹೆಸರುಗಳ ಪಟ್ಟಿ ಎದುರಿಗೆ ಬರುತ್ತದೆ. ಹೆಚ್ಚಿನವರು ಈ ಆ್ಯಪ್ ಇಳಿಸಿಕೊಳ್ಳುವುದು ಅದಕ್ಕೇ. ತೀರ ಎಚ್ಚರದಿಂದ ಬಳಸಬೇಕಾದ ಭಾಗವೂ ಅದೇ. ಇದರ ನಿಜವಾದ ಬೆಲೆ ಇರುವುದು ಬೇರೆ ಕಡೆ: ಯಾವ ಜೀವಿ, ಯಾವ ದಿನ, ಯಾವ ಜಾಗದಲ್ಲಿ ಕಂಡಿತು ಎಂಬುದನ್ನು ಸಾಕ್ಷಿ ಸಮೇತ ಬರೆದಿಟ್ಟು, ಬಲ್ಲವರ ಕಣ್ಣಿಗೆ ಒಪ್ಪಿಸುವ ವ್ಯವಸ್ಥೆಯಲ್ಲಿ. ಆ ಕೆಲಸದಲ್ಲಿ ಇದಕ್ಕೆ ಸಾಟಿಯಾದ ಉಚಿತ ಸಾಧನ ಸದ್ಯಕ್ಕೆ ಇಲ್ಲ.

2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಸ್ನಾತಕೋತ್ತರ ಪದವಿಯ ಯೋಜನೆಯಾಗಿ ಇದನ್ನು ಆರಂಭಿಸಿದರು. 2014ರಲ್ಲಿ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಇದನ್ನು ತೆಕ್ಕೆಗೆ ತೆಗೆದುಕೊಂಡಿತು, 2017ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ ಕೈಜೋಡಿಸಿತು. 2023ರಿಂದ ಇದು ಸ್ವತಂತ್ರ, ಲಾಭರಹಿತ ಸಂಸ್ಥೆ. ಜಾಹೀರಾತು ಇಲ್ಲ, ಚಂದಾ ಇಲ್ಲ.

ಇಲ್ಲಿನ ಮೂಲ ಘಟಕಕ್ಕೆ ‘ಅಬ್ಸರ್ವೇಶನ್’ ಎನ್ನುತ್ತಾರೆ. ಒಂದು ಜೀವಿ, ಒಂದು ಹೊತ್ತು, ಒಂದು ಜಾಗ, ಇಷ್ಟು ಸೇರಿದರೆ ಒಂದು ದಾಖಲೆ. ಹೊಸಬರು ಎಡವುವುದು ಇಲ್ಲೇ. ಒಂದೇ ನಡಿಗೆಯಲ್ಲಿ ಕಂಡ ಜೇಡ, ಅಣಬೆ, ಓತಿಕ್ಯಾತ ಮೂರನ್ನೂ ಒಂದೇ ದಾಖಲೆಗೆ ತುರುಕಿದರೆ ಯಾರೂ ಹೆಸರು ಕೊಡಲಾರರು. ಆದರೆ ಒಂದೇ ಗಿಡದ ಎಲೆ, ಹೂವು, ತೊಗಟೆಯ ಚಿತ್ರಗಳು ಒಟ್ಟಿಗೆ ಇರಬೇಕು. ಪಕ್ಕದ ಇನ್ನೊಂದು ಗಿಡದ ಹೂವು ಅವುಗಳ ನಡುವೆ ಸೇರಬಾರದು. ಹೂವಿನ ಮೇಲೆ ಕೂತ ಜೇನ್ನೊಣದ ಚಿತ್ರವೊಂದರಿಂದ ಎರಡು ದಾಖಲೆ ಮಾಡಬಹುದು, ಆದರೆ ಯಾವುದು ಹೂವಿನದು, ಯಾವುದು ನೊಣದದು ಎಂದು ಟಿಪ್ಪಣಿಯಲ್ಲಿ ಬರೆಯಬೇಕು.

ಸರಿಯಾದ ಫೋಟೋ ಎಂದರೆ ಸುಂದರವಾದ ಫೋಟೋ ಎಂದಲ್ಲ. ಗುರುತಿಸುವವರು ಯಾವ ಅಂಗವನ್ನು ನೋಡುತ್ತಾರೋ ಅದು ಕಾಣಬೇಕು, ಅಷ್ಟೇ. ಚಿಟ್ಟೆಗೆ ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡೂ ಬೇಕು. ಪ್ಲೇನ್ ಟೈಗರ್ ಚಿಟ್ಟೆಯನ್ನೂ ಅದರ ವೇಷ ಧರಿಸುವ ಡನಾಯ್ಡ್ ಎಗ್‌ಫ್ಲೈ ಹೆಣ್ಣನ್ನೂ ಬೇರೆ ಮಾಡುವುದು ಹಿಂರೆಕ್ಕೆಯ ಚುಕ್ಕೆಗಳು: ಮೊದಲನೆಯದಕ್ಕೆ ಮೂರೋ ನಾಲ್ಕೋ, ಎರಡನೆಯದಕ್ಕೆ ಅಂಚಿನ ಬಳಿ ಒಂದೇ. ಹಿಂರೆಕ್ಕೆ ಮುಚ್ಚಿಹೋದ ಫೋಟೋ ಎಷ್ಟೇ ಚೂಪಾಗಿದ್ದರೂ ಇಲ್ಲಿ ಕೆಲಸಕ್ಕೆ ಬಾರದು. ಕೊಡತಿಹುಳಕ್ಕೆ ಎದೆಯ ಪಕ್ಕದ ಪಟ್ಟೆಗಳು, ಗಂಡಾದರೆ ಬಾಲದ ತುದಿಯ ಹಿಡಿಕೆಗಳು. ಜೇಡಕ್ಕೆ ಮುಂದಿನಿಂದ ಕಣ್ಣುಗಳ ಜೋಡಣೆ, ಹೊಟ್ಟೆಯ ಮೇಲೆ ಮತ್ತು ಕೆಳಗೆ, ಜೊತೆಗೆ ಬಲೆಯ ಆಕಾರ. ಹೊಳೆಯುವ ಜೀರುಂಡೆಗೆ ನೇರ ಫ್ಲಾಶ್ ಹೊಡೆದರೆ ಬೆನ್ನ ಮೇಲಿನ ಗೆರೆ, ಗುಳಿಗಳೆಲ್ಲ ಬೆಳ್ಳಗೆ ಮಾಯವಾಗುತ್ತವೆ. ಕೈಯಿಂದಲೋ ಟೋಪಿಯಿಂದಲೋ ನೆರಳು ಹಿಡಿದು ತೆಗೆಯುವುದು ಲೇಸು.

ಗಿಡಗಳಲ್ಲಿ ಹೂವಿನ ಎದುರು ಮುಖ ಒಂದನ್ನೇ ತೆಗೆದು ಬಿಡುವವರೇ ಹೆಚ್ಚು. ಹೂವನ್ನು ಪಕ್ಕದಿಂದ, ಹಿಂದಿನಿಂದಲೂ ತೆಗೆಯಬೇಕು. ಸೂರ್ಯಕಾಂತಿ ಕುಟುಂಬದಲ್ಲಂತೂ ಹೂಗೊಂಚಲಿನ ಕೆಳಗಿರುವ ಹಸಿರು ಎಸಳುಗಳ ಸಾಲೇ ಎಷ್ಟೋ ಸಲ ತೀರ್ಪು ಕೊಡುತ್ತದೆ. ಎಲೆಗಳು ಎದುರುಬದುರಾಗಿವೆಯೋ ಪರ್ಯಾಯವಾಗಿವೆಯೋ ಕಾಣುವಂತೆ ಕೊಂಬೆಯ ಒಂದು ತುಂಡು ಚೌಕಟ್ಟಿನಲ್ಲಿರಲಿ. ಹಲವು ಎಸಳು ಸೇರಿ ಒಂದೇ ಎಲೆಯಾಗಿರುವ ಸಂಯುಕ್ತ ಎಲೆಯಲ್ಲಿ ಒಂದು ಎಸಳನ್ನೇ ಇಡೀ ಎಲೆ ಎಂದು ಭ್ರಮಿಸುವುದು ಸಾಮಾನ್ಯ. ಮೊಗ್ಗು ಇರುವುದು ಇಡೀ ಎಲೆಯ ಬುಡದಲ್ಲಿ, ಎಸಳಿನ ಬುಡದಲ್ಲಿ ಅಲ್ಲ. ಆದ್ದರಿಂದ ಮೊಗ್ಗು ಸಿಗುವವರೆಗೆ ತೊಟ್ಟನ್ನು ಹಿಂಬಾಲಿಸಿ ಅಲ್ಲಿಯವರೆಗೂ ಚಿತ್ರ ತೆಗೆಯಿರಿ. ಹುಲ್ಲಿಗೆ ಎಲೆ ಕಾಂಡಕ್ಕೆ ಸೇರುವ ಕಡೆಯ ಪೊರೆ, ಜರೀಗಿಡಕ್ಕೆ ಎಲೆಯ ಅಡಿಯ ಬೀಜಕಣದ ಗುಂಪುಗಳು ಬೇಕು. ಇವಿಲ್ಲದೆ ಹಾಕಿದ ಹುಲ್ಲಿನ ಫೋಟೋ ವರ್ಷಗಟ್ಟಲೆ ‘ಹುಲ್ಲು’ ಎಂದೇ ಉಳಿದರೆ ಅದು ಗುರುತಿಸುವವರ ತಪ್ಪಲ್ಲ.

ಅಣಬೆಗೆ ಟೊಪ್ಪಿಯ ಮೇಲ್ಭಾಗ ಸಾಲದು. ಅಡಿಯ ಪದರಗಳು ಅಥವಾ ರಂಧ್ರಗಳು, ಕಾಂಡದ ಬಳೆ, ಮಣ್ಣಿನೊಳಗಿನ ಬುಡ, ಅದು ಬೆಳೆದದ್ದು ಮಣ್ಣಿನಲ್ಲೋ ಸತ್ತ ಮರದಲ್ಲೋ ಎಲ್ಲ ಬೇಕು. ಅಮನೀಟಾ ಜಾತಿಯ ಅಣಬೆಗಳ ಬುಡದ ಚೀಲ ನೆಲದಲ್ಲಿ ಹೂತಿರುತ್ತದೆ. ಬುಡವನ್ನು ಬಿಡಿಸಿ ತೋರಿಸದ ಫೋಟೋದಲ್ಲಿ ಆ ಮುಖ್ಯ ಗುರುತೇ ಇರುವುದಿಲ್ಲ. ಮಾರಕವಾದ ಡೆತ್ ಕ್ಯಾಪ್ ಇದೇ ಗುಂಪಿನದು. ಆ್ಯಪ್ ಏನೇ ಹೆಸರು ಕೊಡಲಿ, ಎಷ್ಟೇ ಜನ ಒಪ್ಪಲಿ, ಅದರ ಆಧಾರದ ಮೇಲೆ ಅಣಬೆಯನ್ನಾಗಲಿ ಕಾಡುಗಿಡವನ್ನಾಗಲಿ ತಿನ್ನಬಾರದು.

ಪ್ರಾಣಿಯೇ ಕಾಣಬೇಕೆಂದಿಲ್ಲ. ಹೆಜ್ಜೆಗುರುತು, ಹಿಕ್ಕೆ, ಉದುರಿದ ಗರಿ, ಕಳಚಿದ ಹಾವಿನ ಪೊರೆ ಇವೂ ಒಪ್ಪಿತ ಸಾಕ್ಷಿಗಳೇ. ಹೆಜ್ಜೆಗುರುತನ್ನು ನೇರ ಮೇಲಿನಿಂದ, ಪಕ್ಕದಲ್ಲಿ ಮಿಲಿಮೀಟರ್ ಗೆರೆಯಿರುವ ಅಳತೆಪಟ್ಟಿ ಇಟ್ಟು ತೆಗೆಯಬೇಕು. ಓರೆಯಾಗಿ ತೆಗೆದರೆ ಉದ್ದ ಅಗಲದ ಅನುಪಾತ ಕೆಡುತ್ತದೆ. ಕಪ್ಪೆ, ಮಿಡತೆ, ರಾತ್ರಿಯ ಹಕ್ಕಿಗಳಿಗೆ ಧ್ವನಿಯನ್ನೇ ಹಾಕಬಹುದು. ನೋಟಕ್ಕೆ ಒಂದೇ ತೆರನಾಗಿದ್ದು ಕೂಗಿನಿಂದಲೇ ಬೇರೆಯಾಗುವ ಕಪ್ಪೆಗಳಿಗೆ ಫೋಟೋಗಿಂತ ಅರ್ಧ ನಿಮಿಷದ ಧ್ವನಿಮುದ್ರಣ ಮೇಲು.

ಫೋಟೋ ಹಾಕುವ ಮುನ್ನ ಜೀವಿ ದೊಡ್ಡದಾಗಿ ಕಾಣುವಂತೆ ಕತ್ತರಿಸಿಕೊಳ್ಳಿ. ಐನ್ಯಾಚುರಲಿಸ್ಟ್ ಪ್ರತಿ ಚಿತ್ರವನ್ನೂ ಉದ್ದನೆಯ ಬದಿಯಲ್ಲಿ 2048 ಪಿಕ್ಸೆಲ್‌ಗೆ ಇಳಿಸಿ ಇಟ್ಟುಕೊಳ್ಳುತ್ತದೆ. ದೊಡ್ಡ ಚೌಕಟ್ಟಿನ ಮೂಲೆಯಲ್ಲಿ ಕುಳಿತ ಚಿಕ್ಕ ಹಕ್ಕಿ ಆ ಇಳಿಕೆಯಲ್ಲಿ ಬರಿಯ ಮಸಿಚುಕ್ಕೆಯಾಗುತ್ತದೆ. ಮೊದಲೇ ಕತ್ತರಿಸಿದರೆ ಗರಿಯ ವಿವರ ಉಳಿಯುತ್ತದೆ. ಹೆಸರು ಸೂಚಿಸುವ ಯಂತ್ರ ಸಾಮಾನ್ಯವಾಗಿ ನೋಡುವುದು ಮೊದಲ ಚಿತ್ರವನ್ನು, ಹಾಗಾಗಿ ಅತಿ ಸ್ಪಷ್ಟವಾದದ್ದು ಮೊದಲಿರಲಿ.

ದಿನಾಂಕ, ಸ್ಥಳ ಎರಡನ್ನೂ ಆ್ಯಪ್ ಫೋಟೋ ಫೈಲಿನೊಳಗಿಂದಲೇ ಓದಿಕೊಳ್ಳುತ್ತದೆ. ವಾಟ್ಸಾಪ್‌ನಲ್ಲಿ ಹಾದುಬಂದ ಚಿತ್ರದಲ್ಲಿ ಆ ಮಾಹಿತಿ ಅಳಿಸಿಹೋಗಿರುತ್ತದೆ. ಫೋನಿನ ಗೌಪ್ಯತೆಯ ಸೆಟ್ಟಿಂಗ್ ಕೂಡ ಕೆಲವೊಮ್ಮೆ ಸ್ಥಳವನ್ನು ಕಳಚಿಬಿಡುತ್ತದೆ. ಪ್ರತ್ಯೇಕ ಕ್ಯಾಮೆರಾ ಬಳಸುವವರಿಗೆ ಅದರ ಗಡಿಯಾರವೇ ಶತ್ರು: ವರ್ಷವೋ ಸಮಯವಲಯವೋ ತಪ್ಪಿದ್ದರೆ ನಿಶಾಚರ ಪತಂಗ ನಡುಮಧ್ಯಾಹ್ನದ ಲೆಕ್ಕಕ್ಕೆ ಹೋಗುತ್ತದೆ. ಸ್ಥಳದ ಹೆಸರನ್ನು ಟೈಪ್ ಮಾಡಿ ಹುಡುಕಿದರೆ ಗುರುತು ಆ ಪ್ರದೇಶದ ನಡುಮಧ್ಯಕ್ಕೆ ಕೂತು, ಸುತ್ತ ಹಲವು ಕಿಲೋಮೀಟರಿನ ಅನಿಶ್ಚಿತತೆಯ ವೃತ್ತ ಬೀಳುತ್ತದೆ. ಅಂಥ ದಾಖಲೆ ಜೀವಿಯ ಹರವನ್ನು ಅಧ್ಯಯನ ಮಾಡುವವರಿಗೆ ಅಷ್ಟಾಗಿ ದಕ್ಕದು. ಗುರುತನ್ನು ಎಳೆದು ಸರಿಯಾದ ಜಾಗದಲ್ಲಿ ಇಟ್ಟು, ವೃತ್ತವನ್ನು ನಿಮಗೆ ಖಾತ್ರಿಯಿರುವಷ್ಟಕ್ಕೆ ಕುಗ್ಗಿಸಿ.

ಈಗ ಹೆಸರು ಹೇಳುವ ಯಂತ್ರದ ಮಾತು. 2017ರಲ್ಲಿ ಬಂದ ಈ ಸೌಲಭ್ಯಕ್ಕೆ ಈಗ ಒಂದು ಲಕ್ಷಕ್ಕೂ ಮಿಕ್ಕಿದ ಜೀವಿಗುಂಪುಗಳು ಗೊತ್ತು. ಆದರೆ ಒಂದು ಪ್ರಭೇದ ಅದರ ಪಾಠಕ್ಕೆ ಸೇರಬೇಕಾದರೆ ಸುಮಾರು ನೂರು ಫೋಟೋಗಳಾದರೂ ಐನ್ಯಾಚುರಲಿಸ್ಟ್ ತಾಣದಲ್ಲಿ ಇರಬೇಕು. ಇದರ ಪರಿಣಾಮ ನೇರ: ಅಪರೂಪದ್ದರ ಹೆಸರೇ ಅದರ ಪಟ್ಟಿಯಲ್ಲಿರುವುದಿಲ್ಲ, ಆದ್ದರಿಂದ ಅದನ್ನು ಹೋಲುವ ಸಾಮಾನ್ಯ ಸಂಬಂಧಿಯ ಹೆಸರನ್ನು ಕೊಡುತ್ತದೆ. ಹಕ್ಕಿ, ದೊಡ್ಡ ಸಸ್ತನಿ, ಹೆಚ್ಚಿನ ಚಿಟ್ಟೆಗಳಲ್ಲಿ ಅದು ಹೇಳಿದ್ದು ಬಹುತೇಕ ಸರಿ. ನೊಣ, ಸಣ್ಣ ಜೀರುಂಡೆ, ಪಾಚಿ, ಕಲ್ಲುಹೂಗಳಲ್ಲಿ ಕುಲದ (ಹತ್ತಿರದ ಪ್ರಭೇದಗಳ ಗುಂಪಿನ) ಮಟ್ಟ ದಾಟಿದರೆ ಅನುಮಾನಿಸಲೇಬೇಕು. ‘ಈ ಕುಲವೆಂಬುದು ಖಚಿತ’ ಎಂಬರ್ಥದ ಸೂಚನೆ ಮೇಲೆ ಕಂಡರೆ ಅದನ್ನೇ ಆರಿಸಿ, ಅದರ ಕೆಳಗಿನ ಪ್ರಭೇದಗಳ ಪಟ್ಟಿಯಿಂದ ಮೊದಲನೆಯದನ್ನು ಒತ್ತುವ ಆಸೆ ಬೇಡ. ಆ ಸುತ್ತಿನಲ್ಲಿ ನಿರೀಕ್ಷಿತವಾದ ಜೀವಿಗಳನ್ನಷ್ಟೇ ತೋರಿಸುವ ಸೋಸುವಿಕೆ ಒಳ್ಳೆಯದೇ, ಆದರೆ ಹೊಸದಾಗಿ ಬಂದು ನೆಲೆಸಿದ ಕಳೆಯೋ ತಪ್ಪಿಸಿಕೊಂಡ ಸಾಕುಹಕ್ಕಿಯೋ ಇದ್ದರೆ ಅದು ನಿಜವಾದ ಉತ್ತರವನ್ನೇ ಬಚ್ಚಿಡುತ್ತದೆ. ಸಂಶಯ ಬಂದರೆ ಆ ಸೋಸುವಿಕೆಯನ್ನು ತೆಗೆದು ಮತ್ತೊಮ್ಮೆ ನೋಡಿ.

ಏನೂ ಗೊತ್ತಿಲ್ಲದಿದ್ದರೂ ಜಾಗವನ್ನು ಖಾಲಿ ಬಿಡಬೇಡಿ. ‘ಸಸ್ಯ’, ‘ಕೀಟ’, ‘ಜೇಡ’ ಎಂದಷ್ಟೇ ಹಾಕಿದರೂ ಆ ಗುಂಪನ್ನು ನೋಡುವವರ ಸರದಿಗೆ ಅದು ಹೋಗುತ್ತದೆ. ಖಾಲಿ ಬಿಟ್ಟದ್ದು ‘ಅಜ್ಞಾತ’ ರಾಶಿಯಲ್ಲಿ ಕೊಳೆಯುತ್ತದೆ.

ಒಮ್ಮತದ ಲೆಕ್ಕವನ್ನು ಅರ್ಥಮಾಡಿಕೊಂಡವರು ಕಡಿಮೆ. ದಾಖಲೆ ‘ರಿಸರ್ಚ್ ಗ್ರೇಡ್’ ಆಗಲು ದಿನಾಂಕ, ಸ್ಥಳ, ಫೋಟೋ ಅಥವಾ ಧ್ವನಿ ಇರಬೇಕು, ಜೀವಿ ಕಾಡಿನದಾಗಿರಬೇಕು (ಎಂದರೆ ಸಾಕಿದ್ದೋ ಬೆಳೆಸಿದ್ದೋ ಆಗಿರಬಾರದು), ಮೇಲಾಗಿ ಹೆಸರು ಕೊಟ್ಟವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಸಾಮಾನ್ಯವಾಗಿ ಪ್ರಭೇದದ ಮಟ್ಟದಲ್ಲಿ ಒಪ್ಪಿರಬೇಕು. ‘ಹೆಚ್ಚು’ ಎಂಬುದನ್ನು ಗಮನಿಸಿ. ನೀವು ತಪ್ಪು ಹೆಸರು ಕೊಟ್ಟಿರಿ, ಇಬ್ಬರು ಬಂದು ಸರಿಯಾದದ್ದು ಹೇಳಿದರು ಎಂದಿಟ್ಟುಕೊಳ್ಳಿ. ಮೂವರಲ್ಲಿ ಇಬ್ಬರು ಎಂದರೆ ಸರಿಯಾಗಿ ಮೂರನೇ ಎರಡು, ಅದು ಸಾಲದು, ಮೂರನೆಯ ತಜ್ಞ ಬರಬೇಕು. ಅಪರೂಪದ ಗುಂಪುಗಳಲ್ಲಿ ಆ ಮೂರನೆಯವರು ಸಿಗುವುದೇ ಕಷ್ಟ. ನಿಮ್ಮ ತಪ್ಪು ಹೆಸರನ್ನು ಹಿಂತೆಗೆದುಕೊಂಡರೆ ಕ್ಷಣದಲ್ಲಿ ದಾಖಲೆ ಸರಿಹೋಗುತ್ತದೆ. ಇದಕ್ಕಿಂತ ದೊಡ್ಡ ಪಿಡುಗು ‘ಒಪ್ಪಿಗೆ’ ಗುಂಡಿಯನ್ನು ಧನ್ಯವಾದದಂತೆ ಒತ್ತುವುದು. ಯಾರೋ ಹೇಳಿದ್ದಕ್ಕೆ ಕಾರಣ ತಿಳಿಯದೆ ತಲೆಯಾಡಿಸಿದರೆ ಇಬ್ಬರ ಒಮ್ಮತ ಎಂಬ ಲೆಕ್ಕದಲ್ಲಿ ಒಬ್ಬರ ಊಹೆಯೇ ರಿಸರ್ಚ್ ಗ್ರೇಡ್ ಆಗಿಬಿಡುತ್ತದೆ. ಧನ್ಯವಾದ ಹೇಳಬೇಕಿದ್ದರೆ ಅದಕ್ಕೆ ಟಿಪ್ಪಣಿಯ ಜಾಗ ಇದೆ.

ನೆಟ್ಟ ಗಿಡ, ಸಾಕಿದ ಪ್ರಾಣಿ, ಮೃಗಾಲಯದ ಹುಲಿ ಇವುಗಳಿಗೆ ‘ಸಾಕಿದ್ದು ಅಥವಾ ಬೆಳೆಸಿದ್ದು’ ಎಂಬ ಗುರುತು ಹಾಕಲೇಬೇಕು. ಅಳತೆಗೋಲು ಸರಳ: ಮನುಷ್ಯ ಬಯಸಿ ತಂದು ಇಟ್ಟ ಕಾರಣಕ್ಕೇ ಅದು ಅಲ್ಲಿದೆಯೇ? ತೋಟಕ್ಕೆ ತಾನಾಗಿ ಬಂದ ಹಕ್ಕಿ ಕಾಡಿನದು. ಕುಂಡದಲ್ಲಿ ತಾನಾಗಿ ಮೊಳೆತ ಕಳೆಯೂ ಕಾಡಿನದೇ. ಅದೇ ಕುಂಡದ ಗುಲಾಬಿ ಅಲ್ಲ.

ಗೌಪ್ಯತೆಯ ವಿಷಯದಲ್ಲಿ ತಾಣ ಚೆನ್ನಾಗಿ ಯೋಚಿಸಿದೆ. ಅಪಾಯದಲ್ಲಿರುವ ಪ್ರಭೇದಗಳ ನಿಖರ ಸ್ಥಳವನ್ನು ತಾನಾಗಿಯೇ ಮಸುಕು ಮಾಡಿ, 0.2 ಡಿಗ್ರಿ ಅಗಲ, 0.2 ಡಿಗ್ರಿ ಉದ್ದದ ಚೌಕದೊಳಗೆ ಎಲ್ಲೋ ಒಂದು ಬಿಂದುವನ್ನು ತೋರಿಸುತ್ತದೆ. ಸಮಭಾಜಕದ ಬಳಿ ಅದು ಒಂದು ಬದಿಗೆ 22 ಕಿಲೋಮೀಟರ್. ಇತರರಿಗೆ ದಿನಾಂಕವೂ ತಿಂಗಳ ಮಟ್ಟದಲ್ಲಷ್ಟೇ ಕಾಣುತ್ತದೆ. ಇಷ್ಟಾದರೂ ಟಿಪ್ಪಣಿಯಲ್ಲಿ ಕೆರೆಯ ಹೆಸರು ಬರೆದರೆ, ಹಿನ್ನೆಲೆಯಲ್ಲಿ ಗುರುತಿಸಬಹುದಾದ ಬಂಡೆ ಕಂಡರೆ ಮಸುಕು ಮಾಡಿ ಪ್ರಯೋಜನವಿಲ್ಲ. ಕಳ್ಳಸಾಗಣೆಗೆ ಗುರಿಯಾಗುವ ಆರ್ಕಿಡ್, ಆಮೆ, ಗೂಡಿನಲ್ಲಿರುವ ಬೇಟೆಹಕ್ಕಿಗಳಿಗೆ ತಾಣ ತಾನಾಗಿ ಮಾಡದಿದ್ದರೂ ನೀವೇ ‘ಅಬ್ಸ್ಕ್ಯೂರ್ಡ್’ ಆರಿಸಿ. ಮನೆಯಂಗಳದ ದಾಖಲೆಗಳಿಗೂ ಅದೇ ಸರಿ.

ರಿಸರ್ಚ್ ಗ್ರೇಡ್ ಆದದ್ದು ಕೋಪನ್‌ಹೇಗನ್‌ನಲ್ಲಿ ಕಚೇರಿಯಿರುವ ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ದತ್ತಸಂಚಯಕ್ಕೆ ಹೋಗುತ್ತದೆ, ಸಂಶೋಧಕರು ಅಲ್ಲಿಂದ ಎತ್ತಿಕೊಳ್ಳುತ್ತಾರೆ. ದಾಖಲೆಗೆ ‘ಎಲ್ಲ ಹಕ್ಕು ಕಾದಿರಿಸಿದೆ’ ಎಂದು ಇಟ್ಟುಕೊಂಡರೆ ಹೋಗುವುದಿಲ್ಲ. ಮೊದಲೇ ಆಯ್ಕೆಯಾಗಿರುವ, ವಾಣಿಜ್ಯ ಬಳಕೆಗೆ ಅನುಮತಿಯಿಲ್ಲದ ಸಿಸಿ (ಕ್ರಿಯೇಟಿವ್ ಕಾಮನ್ಸ್) ಮುಕ್ತ ಬಳಕೆಯ ಪರವಾನಗಿ ಇದಕ್ಕೆ ಸಾಕು.

ಬದಲಿಗಳ ಬಗ್ಗೆ ಚುಟುಕಾಗಿ. ಹಕ್ಕಿಯಷ್ಟೇ ಬೇಕಿದ್ದರೆ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಕೂಗನ್ನು ಕೇಳಿ ಸೂಚಿಸುವುದರಲ್ಲಿ ಮುಂದಿದೆ. ಅದೇ ಸಂಸ್ಥೆಯ ಹಕ್ಕಿ ದಾಖಲೆಯ ತಾಣ ಇಬರ್ಡ್‌ನಲ್ಲಿ ಎಷ್ಟು ಹೊತ್ತು, ಎಷ್ಟು ದೂರ ನೋಡಿದಿರಿ ಎಂಬುದೂ ದಾಖಲಾಗುತ್ತದೆ. ಕಂಡ ಹಕ್ಕಿಗಳೆಲ್ಲದರ ಪೂರ್ಣ ಪಟ್ಟಿ ಕೊಟ್ಟರೆ ಕಾಣದ ಹಕ್ಕಿಯೂ ಮಾಹಿತಿಯಾಗುತ್ತದೆ. ಐನ್ಯಾಚುರಲಿಸ್ಟ್‌ನಿಂದ ಅದು ಆಗದು, ಇಲ್ಲಿ ಕಂಡದ್ದಷ್ಟೇ ಲೆಕ್ಕ. ಮಕ್ಕಳಿಗೆ ಐನ್ಯಾಚುರಲಿಸ್ಟ್‌ನದೇ ಸೀಕ್ ಎಂಬ ಆ್ಯಪ್ ಸಾಕು: ಖಾತೆ ಬೇಡ, ಸ್ಥಳ ಬಹಿರಂಗವಾಗದು. ಆದರೆ ಅದರ ಹಿಂದೆ ಪರಿಶೀಲಿಸುವ ಮನುಷ್ಯರಿಲ್ಲ.

ಹೆಸರು ಬರುವ ವೇಗ ಸಮವಾಗಿಲ್ಲ ಎಂಬುದು ಇದರ ಮುಖ್ಯ ಕೊರತೆ. ಹಕ್ಕಿಗೆ ಅದೇ ದಿನ ಉತ್ತರ ಸಿಗಬಹುದು, ಸೊಳ್ಳೆಗೆ ಎಂದೂ ಸಿಗದಿರಬಹುದು. ಬಲ್ಲವರ ಸಂಖ್ಯೆಯೇ ಹಾಗಿದೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಗುಂಪಿದ್ದರೆ, ನಾಲ್ಕಾರು ಪ್ರಭೇದಗಳೇ ಆದರೂ, ‘ಐಡೆಂಟಿಫೈ’ ಪುಟದಲ್ಲಿ ಇತರರ ದಾಖಲೆಗಳಿಗೆ ಹೆಸರು ಕೊಡಿ. ಈ ಪುಟ ವೆಬ್‌ಸೈಟಿನಲ್ಲಿ, ಕೀಬೋರ್ಡ್ ಇರುವ ಕಂಪ್ಯೂಟರಿನಲ್ಲಿ ಬಹಳ ಸಲೀಸು. ಒಟ್ಟಿಗೆ ಹತ್ತಾರು ಫೋಟೋ ಏರಿಸುವುದಕ್ಕೂ ಫೋನಿಗಿಂತ ವೆಬ್‌ಸೈಟೇ ವಾಸಿ.

ಕೊನೆಯದಾಗಿ, ತಾಣವನ್ನು ಫೋಟೋಗಳ ಕಣಜ ಮಾಡಿಕೊಳ್ಳಬೇಡಿ. ಮೂಲ ಗಾತ್ರದ ಫೈಲುಗಳು ಅಲ್ಲಿ ಉಳಿಯುವುದಿಲ್ಲವಾದ್ದರಿಂದ ಅವನ್ನು ದಿನಾಂಕದ ಹೆಸರಿನ ಫೋಲ್ಡರುಗಳಲ್ಲಿ ಬೇರೆ ಡಿಸ್ಕಿನಲ್ಲಿ ಇಡಿ. ವೆಬ್‌ಸೈಟಿನ ಎಕ್ಸ್‌ಪೋರ್ಟ್ ಪುಟದಿಂದ ನಿಮ್ಮ ದಾಖಲೆಗಳ ಸಿಎಸ್‌ವಿ (ಕೋಷ್ಟಕ ರೂಪದ ಫೈಲ್) ಪಟ್ಟಿಯನ್ನು ಆಗಾಗ ಇಳಿಸಿಕೊಳ್ಳಿ. ಮಸುಕಾಗಿಸಿದ ದಾಖಲೆಗಳ ನಿಜವಾದ ಅಕ್ಷಾಂಶ ರೇಖಾಂಶಗಳ ಅಂಕಣಗಳೂ ನಿಮ್ಮ ಪಟ್ಟಿಗೆ ಸಿಗುತ್ತವೆ, ಆದ್ದರಿಂದ ಆ ಫೈಲನ್ನು ಕಂಡವರಿಗೆಲ್ಲ ಕಳಿಸಬೇಡಿ.