ರ್ಯೋಜಿ ಇಕೆಡಾ: ಯಾವ ಆಲ್ಬಮ್ ಮೊದಲು?

ಜಪಾನಿನ ಎಲೆಕ್ಟ್ರಾನಿಕ್ ಸಂಗೀತ ಸಂಯೋಜಕ ರ್ಯೋಜಿ ಇಕೆಡಾ ಅವರನ್ನು ಹೊಸದಾಗಿ ಕೇಳುವವರು ‘ಪ್ಲಸ್ ಮೈನಸ್’ (1996) ಆರಿಸಿಕೊಳ್ಳಿ, ‘ಸೂಪರ್‌ಕೋಡೆಕ್ಸ್’ (2013) ಆಮೇಲೆ ಸಾಕು.

ಮೊದಲನೆಯದರಲ್ಲಿ ಬಹುಪಾಲು ಸೈನ್ ತರಂಗ (ಒಂದೇ ಕಂಪನಾಂಕದ ಶುದ್ಧ ಸ್ವರ), ಚಿಟಿಕೆಯಂಥ ಸದ್ದು, ಮೌನ. ಆದರೂ ಎಷ್ಟು ಜೀವ! ಕೊನೆಗೆ ತೀರಾ ಎತ್ತರದ, ತೆಳುವಾದ ಒಂದು ಸ್ವರವಿದೆ. ಅದು ನಿಂತಾಗಲೇ ಇಷ್ಟು ಹೊತ್ತು ಇತ್ತು ಅಂತ ತಿಳಿಯುವುದು. ಹೆಡ್‌ಫೋನ್‌ನಲ್ಲಿ, ಸದ್ದು ಕಡಿಮೆ ಇಟ್ಟು ಕೇಳಿ.

‘ಸೂಪರ್‌ಕೋಡೆಕ್ಸ್’ ಡೇಟಾವನ್ನೇ ಸದ್ದಾಗಿಸುವ ಸರಣಿಯ ಮೂರನೆಯದು. ವೇಗ ಜಾಸ್ತಿ, ಉಸಿರಾಡಲು ಜಾಗ ಕಡಿಮೆ. ದೊಡ್ಡ ಪರದೆಯ ದೃಶ್ಯಗಳ ಜೊತೆ ಈ ಬಗೆಯ ಸದ್ದು ಮೈ ಜುಮ್ಮೆನಿಸುತ್ತದೆ. ಮನೆಯಲ್ಲಿ ಬರೀ ಕೇಳಿದರೆ ದಣಿವು. ಅವರ ಕೆಲಸದಲ್ಲಿ ನನಗೆ ಅತಿ ಕಡಿಮೆ ಹಿಡಿಸಿದ್ದು ಇದೇ.

ಎಲೆಕ್ಟ್ರಾನಿಕ್ ಸದ್ದೇ ಬೇಡವೆಂದರೆ ತಂತಿವಾದ್ಯಗಳ ‘ಓಪಿ’ (2002) ಇದೆ.