ನಾಲ್ಕು ಬ್ರ್ಯಾಂಡಿನ ಕ್ಯಾಮ್, ನಾಲ್ಕು ವರ್ಷದ ಬಳಕೆ

ನನ್ನ ರ್‍ಯಾಕ್ (ಬಂಡೆ ಹತ್ತುವ ಸಾಮಾನಿನ ಗೊಂಚಲು) ನೋಡಿದವರು ಮೊದಲು ಕೇಳುವುದು "ಯಾವುದು ಚೆನ್ನಾಗಿದೆ?" ಅಂತ. ಈಚೆಗೆ ಇನ್ನೊಂದು ಪ್ರಶ್ನೆ ಜಾಸ್ತಿಯಾಗಿದೆ: "ಇದು ಎಲ್ಲಿ ಮಾಡಿದ್ದು?" ಬಂಡೆಯ ಬಿರುಕಿಗೆ ಕೂರಿಸುವ ಕ್ಯಾಮ್ ಕೈಗೆ ಕೊಟ್ಟರೆ ಲೋಬ್ (ಗೋಡೆಗೆ ಒತ್ತುವ ಲೋಹದ ಎಸಳು) ನೋಡುವುದಿಲ್ಲ, ಟ್ರಿಗರ್ ಎಳೆಯುವುದಿಲ್ಲ. ಸ್ಲಿಂಗ್ (ಬುಡದ ಬಟ್ಟೆಯ ಪಟ್ಟಿ) ಮೇಲಿನ ಚೀಟಿ ತಿರುಗಿಸಿ ದೇಶದ ಹೆಸರು ಹುಡುಕುತ್ತಾರೆ. ನಗುವ ಹಾಗಿಲ್ಲ, ನಾನೂ ಹಾಗೇ ಮಾಡುತ್ತಿದ್ದೆ.

ನನ್ನ ಹತ್ತಿರ ಇರುವುದು ಇಷ್ಟು. ಬ್ಲ್ಯಾಕ್ ಡೈಮಂಡ್‌ನ ಕ್ಯಾಮಲಾಟ್ ಸಿ4, 2019ರಲ್ಲಿ ಬಂದ ಹಗುರ ಮಾದರಿ, 0.3ರಿಂದ 3ನೇ ನಂಬರಿನವರೆಗೆ. ಮಧ್ಯದ ಸೈಜುಗಳಲ್ಲಿ ಡಿಎಂಎಂ ಡ್ರ್ಯಾಗನ್. ಬೆರಳು ಮಾತ್ರ ಹೋಗುವ ಬಿರುಕುಗಳಿಗೆ ಮೆಟೋಲಿಯಸ್ ಅಲ್ಟ್ರಾಲೈಟ್ ಮಾಸ್ಟರ್ ಕ್ಯಾಮ್. ಮೂರು ಟೋಟೆಮ್. ಜೊತೆಗೆ ನಟ್ ಅನ್ನುವ, ಬಿರುಕಿಗೆ ಸಿಕ್ಕಿಸುವ ಲೋಹದ ಬೆಣೆಗಳ ಒಂದು ಸೆಟ್, ಡಿಎಂಎಂ ವಾಲ್‌ನಟ್. ಆಮೇಲೆ ಒಂದೆರಡು ಬಿಡಿ ಕ್ಯಾಮ್‌ಗಳು. ಅದರಲ್ಲೊಂದರ ಕತೆ ಮುಂದೆ ಬರುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಬಂಡೆಯಲ್ಲಿ ಬೋಲ್ಟ್ ಇಲ್ಲದ ಕಡೆ ಹತ್ತುವಾಗ ಬಿರುಕಿನೊಳಗೆ ಕ್ಯಾಮ್ ಕೂರಿಸಿ ಅದಕ್ಕೆ ಹಗ್ಗ ಹಾಕುತ್ತೇವೆ. ಬಿದ್ದರೆ ಅದೇ ಹಿಡಿಯಬೇಕು. ಟ್ರಿಗರ್ ಎಳೆದರೆ ಲೋಬ್‌ಗಳು ಮುದುಡುತ್ತವೆ, ಬಿಟ್ಟರೆ ಸ್ಪ್ರಿಂಗ್ ಅವುಗಳನ್ನು ಅರಳಿಸಿ ಗೋಡೆಗೆ ಒತ್ತುತ್ತದೆ. ಲೋಬಿನ ಅಂಚು ಒಂದು ವಿಶೇಷ ಸುರುಳಿಯ ಆಕಾರದಲ್ಲಿರುತ್ತದೆ. ಹಾಗಾಗಿ ಎಷ್ಟು ಅರಳಿದರೂ ಅದು ಗೋಡೆಯನ್ನು ಮುಟ್ಟುವ ಕೋನ ಬದಲಾಗುವುದಿಲ್ಲ. ಫ್ರೆಂಡ್ಸ್ ಅನ್ನುವ ಹಳೆಯ ಕ್ಯಾಮ್‌ನ ಮೊದಲ ಮಾದರಿಯಲ್ಲಿ ಈ ಕೋನ 13.75 ಡಿಗ್ರಿ. ಲೆಕ್ಕ ಹಾಕಿದರೆ, ಕೆಳಕ್ಕೆ ಎಳೆದ ಬಲದ ಸುಮಾರು ಎರಡು ಪಟ್ಟು ಒತ್ತಡ ಒಂದೊಂದು ಗೋಡೆಯ ಮೇಲೂ ಬೀಳುತ್ತದೆ. ಬಂಡೆಯ ಸಡಿಲ ಚಕ್ಕೆಯ ಹಿಂದೆ ಕ್ಯಾಮ್ ಹಾಕಬೇಡಿ ಅನ್ನುವುದು ಇದಕ್ಕೇ. ಕ್ಯಾಮ್ ನಿಲ್ಲಬಹುದು, ಚಕ್ಕೆ ಕಿತ್ತು ಬರುತ್ತದೆ.

ಈಗ ಒಂದೊಂದಾಗಿ ನೋಡೋಣ.

ಸಿ4 ಬಗ್ಗೆ ಹೊಸದಾಗಿ ಹೇಳುವುದು ಕಡಿಮೆ. ಎರಡು ಆಕ್ಸಲ್ (ಲೋಬ್ ತಿರುಗುವ ಕಂಬಿ) ಇರುವುದರಿಂದ ಒಂದೇ ಕ್ಯಾಮ್ ದೊಡ್ಡ ವ್ಯಾಪ್ತಿಯನ್ನು ಹಿಡಿಯುತ್ತದೆ. ಕೆಂಪು 1ನೇ ನಂಬರ್ 30.2ರಿಂದ 52.1 ಮಿಲಿಮೀಟರ್‌ವರೆಗೆ ಕೂರುತ್ತದೆ. ಕೈಕಾಲು ನಡುಗುವಾಗ ಸೈಜು ತಪ್ಪಿ ತೆಗೆದರೂ ಬಹಳ ಸಲ ಕೆಲಸ ನಡೆದುಹೋಗುತ್ತದೆ. ಹೆಬ್ಬೆರಳು ತೂರಿಸುವ ಬಳೆ ಇದೆ. ದಪ್ಪ ಗ್ಲೌಸ್ ಹಾಕಿದ್ದರೂ ಹಿಡಿತ ಸಿಗುತ್ತದೆ.

ಡ್ರ್ಯಾಗನ್‌ನಲ್ಲೂ ಎರಡು ಆಕ್ಸಲ್, ಬಣ್ಣಗಳೂ ಅವೇ. ಕೆಂಪು ಅಂದರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸೈಜು, ತಲೆ ಕೆಡಿಸಿಕೊಳ್ಳಬೇಕಿಲ್ಲ. ವ್ಯತ್ಯಾಸ ಇರುವುದು ಬುಡದಲ್ಲಿ. ಬಳೆ ಇಲ್ಲ, ಬದಲಿಗೆ ಉದ್ದ ಮಾಡಬಹುದಾದ ಸ್ಲಿಂಗ್ ಇದೆ. ದಾರಿ ಎಡಕ್ಕೂ ಬಲಕ್ಕೂ ಓಡಾಡುವ ಕಡೆ ಇದು ವರ. ಸ್ಲಿಂಗ್ ಎಳೆದುಬಿಟ್ಟರೆ ಕ್ಯಾಮ್ ಅಲುಗುವುದಿಲ್ಲ, ಒಂದು ಕ್ವಿಕ್‌ಡ್ರಾ (ಕ್ಯಾಮ್‌ಗೂ ಹಗ್ಗಕ್ಕೂ ನಡುವಿನ ಕೊಂಡಿ) ಉಳಿಯುತ್ತದೆ. ಕ್ಯಾಮ್ ಬಿಚ್ಚುತ್ತಾ ಹಿಂದೆ ಬರುವವರಿಗೆ ಮಾತ್ರ ಸ್ವಲ್ಪ ಪೀಕಲಾಟ. ಜೋತಾಡುವ ಸ್ಲಿಂಗನ್ನು ಒಂದೇ ಕೈಯಲ್ಲಿ ಮತ್ತೆ ಮಡಚಬೇಕಲ್ಲ! ನನ್ನ ಮಟ್ಟಿಗೆ ನೇರ ಬಿರುಕಿಗೆ ಸಿ4, ಸುತ್ತಿ ಬಳಸಿ ಹೋಗುವ ದಾರಿಗೆ ಡ್ರ್ಯಾಗನ್.

ಮಾಸ್ಟರ್ ಕ್ಯಾಮ್‌ನಲ್ಲಿ ಒಂದೇ ಆಕ್ಸಲ್, ವ್ಯಾಪ್ತಿ ಕಡಿಮೆ. ಆದರೆ ತಲೆ ಕಿರಿದು, ಸಣ್ಣ ಸಂದಿಗೂ ತೂರುತ್ತದೆ. ಲೋಬ್ ಮೇಲೆ ಹಸಿರು, ಹಳದಿ, ಕೆಂಪು ಚುಕ್ಕಿಗಳಿವೆ. ಹಸಿರು ಗೋಡೆಗೆ ತಾಗಿದರೆ ಸರಿ, ಹಳದಿ ಬಂದರೆ ಯೋಚಿಸು, ಕೆಂಪು ಬಂದರೆ ಬೇರೆ ಸೈಜು ಹುಡುಕು. ಹೊಸದಾಗಿ ಕಲಿಯುವವರಿಗೆ ನಾನು ಮೊದಲು ಕೊಡುವುದು ಇದನ್ನೇ. ನಾಲ್ಕು ವರ್ಷದಲ್ಲಿ ಒಂದೆರಡು ಚುಕ್ಕಿ ಅಳಿಸಿಹೋಗಿವೆ. ಅಷ್ಟರಲ್ಲಿ ಕಣ್ಣಿಗೂ ಅಭ್ಯಾಸವಾಗಿರುತ್ತದೆ ಬಿಡಿ. ಇದರ ಬಣ್ಣಗಳ ಕ್ರಮ ಮಾತ್ರ ಬೇರೆ. ಮೇಲಿಂದ "ನೀಲಿ ಹಾಕಿದ್ದೀನಿ" ಅಂತ ಕೂಗಿದರೆ ಕೆಳಗಿದ್ದವರು "ಯಾವ ನೀಲಿ?" ಅನ್ನುತ್ತಾರೆ.

ಟೋಟೆಮ್ ಇವೆಲ್ಲಕ್ಕಿಂತ ವಿಚಿತ್ರ. ಉಳಿದ ಕ್ಯಾಮ್‌ಗಳಲ್ಲಿ ಭಾರ ನಡುವಿನ ಕಾಂಡದ ಮೂಲಕ ಆಕ್ಸಲ್‌ಗೆ ಹೋಗುತ್ತದೆ. ಇದರಲ್ಲಿ ಕೇಬಲ್‌ಗಳು ಲೋಬ್‌ಗಳನ್ನೇ ನೇರವಾಗಿ ಎಳೆಯುತ್ತವೆ. ಹೊರಕ್ಕೆ ಅಗಲವಾಗುವ ಬಿರುಕುಗಳಲ್ಲಿ, ಬೇರೆ ಕ್ಯಾಮ್ ಜಾರಿ ಬರುವ ಜಾಗದಲ್ಲಿ ಇದು ಕಚ್ಚಿಕೊಂಡು ಕೂರುತ್ತದೆ. ನಾಲ್ಕರಲ್ಲಿ ಎರಡೇ ಲೋಬ್‌ಗೆ ಜಾಗವಿದ್ದರೂ ಮೈಭಾರ ಹಾಕಿ ನೇತಾಡುವುದಕ್ಕೆ ಬೇರೆ ಕೊಂಡಿ ಇದೆ. ನೋಡಲು ದಪ್ಪ, ಹಾರ್ನೆಸ್ (ಸೊಂಟದ ಪಟ್ಟಿ) ಮೇಲೆ ಜಾಗ ತಿನ್ನುತ್ತದೆ. ಆದರೂ ಮೂರರಲ್ಲಿ ಒಂದನ್ನೂ ಮನೆಯಲ್ಲಿ ಬಿಟ್ಟು ಹೋಗಿಲ್ಲ.

ಸರಿ, "ಎಲ್ಲಿ ಮಾಡಿದ್ದು" ಅನ್ನುವ ವಿಷಯಕ್ಕೆ ಬರೋಣ.

ಡ್ರ್ಯಾಗನ್ ಮತ್ತು ವಾಲ್‌ನಟ್ ಬರುವುದು ವೇಲ್ಸ್‌ನ ಲಾನ್‌ಬೆರಿಸ್‌ನಿಂದ. ಸ್ನೋಡನ್ ಬೆಟ್ಟದ ಬುಡದ ಊರು ಅದು. ಮೆಟೋಲಿಯಸ್ ಅಮೆರಿಕದ ಆರೆಗನ್‌ನ ಬೆಂಡ್ ಪಟ್ಟಣದ್ದು. ಟೋಟೆಮ್ ಸ್ಪೇನಿನ ಬಾಸ್ಕ್ ಸೀಮೆಯದು. ಬ್ಲ್ಯಾಕ್ ಡೈಮಂಡ್ ಇರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಆದರೆ ಅದರ ತಯಾರಿಕೆಯ ದೊಡ್ಡ ಭಾಗ ಒಂದು ಕಾಲದಲ್ಲಿ ಚೀನಾದ ಝುಹೈಗೆ ಹೋಗಿತ್ತು. 2010ರ ದಶಕದ ಮಧ್ಯದಲ್ಲಿ ಅದನ್ನು ವಾಪಸ್ ತರಲು ಹೊರಟರು. ಹಾಗಾಗಿ ಒಂದೇ ಹೆಸರು ಹೊತ್ತ ಎರಡು ಸಾಮಾನು ಬೇರೆ ಬೇರೆ ದೇಶದಲ್ಲಿ ಹುಟ್ಟಿರಬಹುದು. ಬ್ರ್ಯಾಂಡ್ ನೋಡಿ ಊರು ಹೇಳಲು ಹೋಗಬೇಡಿ.

ಇದು ಹೊಸ ಕಾಲದ ಗೊಂದಲವೂ ಅಲ್ಲ. ಫ್ರೆಂಡ್ಸ್ ಕ್ಯಾಮ್ ಕಂಡುಹಿಡಿದ ರೇ ಜಾರ್ಡಿನ್ ಅಮೆರಿಕದವರು, ಪಳಗಿಸಿದ್ದು ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ಬಿರುಕುಗಳಲ್ಲಿ. 1978ರಲ್ಲಿ ಅದನ್ನು ಮಾರುಕಟ್ಟೆಗೆ ತಂದದ್ದು ಇಂಗ್ಲೆಂಡಿನ ಮಾರ್ಕ್ ವ್ಯಾಲನ್ಸ್ ಅವರ ವೈಲ್ಡ್ ಕಂಟ್ರಿ. ಶುರುವಿನಿಂದಲೇ ಐಡಿಯಾ ಒಂದು ಕಡೆ, ಕಾರ್ಖಾನೆ ಇನ್ನೊಂದು ಕಡೆ. ನಟ್‌ಗಳ ಕತೆ ಇನ್ನೂ ಮಜಾ. ವೇಲ್ಸ್‌ನ ಹಳೆಯ ಕ್ಲೈಂಬರ್‌ಗಳು ಬೆಟ್ಟದ ರೈಲು ಹಳಿ ಪಕ್ಕ ಬಿದ್ದಿದ್ದ ನಟ್ ಆಯ್ದು, ದಾರ ಪೋಣಿಸಿ ಬಿರುಕಿಗೆ ತುರುಕುತ್ತಿದ್ದರು. ಅದಕ್ಕೆ ಯಾವ ದೇಶದ ಚೀಟಿ ಅಂಟಿಸೋಣ?

ಕೈಕೆಲಸ, ಸಣ್ಣ ವರ್ಕ್‌ಶಾಪ್, ಸ್ವದೇಶಿ ಅಂದ ಕೂಡಲೇ ನಂಬಿಕೆ ಬರುತ್ತದೆ, ಅಲ್ವಾ? ಏಲಿಯನ್ ಅನ್ನುವ ಸಣ್ಣ ಕ್ಯಾಮ್ ಹಾಗೇ ಇತ್ತು. ಅಮೆರಿಕದ ವ್ಯೋಮಿಂಗ್‌ನ ಲಾರಮಿಯಲ್ಲಿ ಸಿಸಿಎಚ್ ಅನ್ನುವವರು ಮಾಡುತ್ತಿದ್ದರು. ಮೆತ್ತಗಿನ ಅಲ್ಯೂಮಿನಿಯಂ ಲೋಬ್, ಎತ್ತ ಬೇಕಾದರೂ ಬಾಗುವ ಕಾಂಡ, ಜನ ಅದಕ್ಕೆ ಮುಗಿಬೀಳುತ್ತಿದ್ದರು. 2006ರಲ್ಲಿ ಬೆಸುಗೆಯ ದೋಷದಿಂದ ಒಂದಷ್ಟು ಕ್ಯಾಮ್‌ಗಳನ್ನು ವಾಪಸ್ ಕರೆಯಬೇಕಾಯಿತು. ಆಮೇಲೆ ಆ ಹೆಸರು ಸ್ಪೇನಿನ ಫಿಕ್ಸೆ ಕಂಪನಿಗೆ ಹೋಯಿತು. ಡಿಸೈನ್ ತಪ್ಪಾಗಿರಲಿಲ್ಲ, ದೇಶವೂ ತಪ್ಪು ಮಾಡಿರಲಿಲ್ಲ. ಬೆಸೆದದ್ದು ಸರಿಯಾಗಿದೆಯೋ ಇಲ್ಲವೋ ಎಂದು ನೋಡುವ ಹಂತದಲ್ಲಿ ಕೈ ತಪ್ಪಿತ್ತು.

ಅದಕ್ಕೇ ಈಗ ನಾನು ದೇಶಕ್ಕಿಂತ ಮೊದಲು ಲೋಹದ ಮೇಲಿನ ಅಚ್ಚು ಓದುತ್ತೇನೆ. ಕೆಂಪು ಸಿ4 ಎತ್ತಿಕೊಂಡು ದೀಪದ ಕೆಳಗೆ ಹಿಡಿಯಿರಿ. 12 ಕೆಎನ್ (ಕಿಲೋನ್ಯೂಟನ್) ಎಂದಿರುತ್ತದೆ, ಅದು ತಡೆಯುವ ಬಲ. ಕ್ಯಾಮ್‌ಗಳ ಯುರೋಪಿಯನ್ ಮಾನದಂಡ ಇಎನ್ 12276 ಕೇಳುವುದು ಕನಿಷ್ಠ 5 ಕೆಎನ್. ಯುರೋಪಿನಲ್ಲಿ ಮಾರಲು ಬೇಕಾದ ಸಿಇ ಗುರುತಿನ ಪಕ್ಕ ನಾಲ್ಕು ಅಂಕಿಯ ನಂಬರ್ ಇರುತ್ತದೆ. ಎಷ್ಟೋ ಜನ ಅದನ್ನು ಕಾರ್ಖಾನೆಯ ನಂಬರ್ ಅಂದುಕೊಂಡಿದ್ದಾರೆ. ಅಲ್ಲ, ತಯಾರಿಕೆಯ ಮೇಲೆ ಕಣ್ಣಿಡುವ ಹೊರಗಿನ ಸಂಸ್ಥೆಯ ನಂಬರ್ ಅದು. ಎತ್ತರದಿಂದ ಬೀಳದಂತೆ ಕಾಯುವ ಸಾಮಾನು ಯುರೋಪಿನಲ್ಲಿ ಮೂರನೇ ವರ್ಗಕ್ಕೆ ಸೇರುತ್ತದೆ. ಪ್ರಾಣಾಪಾಯ ಇರುವ ವರ್ಗ. ಒಮ್ಮೆ ಮಾದರಿ ಪಾಸಾದರೆ ಸಾಲದು, ಮಾಡುತ್ತಿರುವಷ್ಟು ಕಾಲ ತಪಾಸಣೆ ನಡೆಯಬೇಕು. ಅಲ್ಲಿ ಮಾರಬೇಕಾದರೆ ವೇಲ್ಸ್‌ಗೂ ಝುಹೈಗೂ ಅದೇ ನಿಯಮ. ಇನ್ನೊಂದು ಬ್ಯಾಚ್ ನಂಬರ್. ಇದನ್ನು ನಾನು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ವಾಪಸ್ ಕರೆದಾಗ ಕೇಳುವುದು ಅದನ್ನೇ, ಊರಿನ ಹೆಸರನ್ನಲ್ಲ.

ಹಾಗಾದರೆ ಎಲ್ಲಿ ಮಾಡಿದರೂ ಒಂದೇನಾ? ಪೂರ್ತಿ ಹಾಗೂ ಅಲ್ಲ. ಮೇಲೆ ಹೇಳಿದ ಬಿಡಿ ಕ್ಯಾಮ್ ಕತೆ ಇದು. ಕಂಪನಿ ಹೆಸರು ಬೇಡ. ಚೀಟಿಯ ಮೇಲೆ ದೇಶದ ಹೆಸರು ದೊಡ್ಡದಾಗಿ ಹಾಕಿಕೊಂಡಿದ್ದ ಸಣ್ಣ ಕ್ಯಾಮ್. ಎರಡನೇ ವರ್ಷ ಒಂದು ಲೀಡ್‌ನಲ್ಲಿ (ಮೊದಲು ಹತ್ತುವ ಸರದಿಯಲ್ಲಿ) ಹಾಕಿದ್ದೆ. ಹಿಂದೆ ಬಂದ ಗೆಳೆಯ ಟ್ರಿಗರ್ ಎಳೆದಾಗ ಒಂದು ಬದಿಯ ತಂತಿ ಪಟ್ ಅಂತ ಕಿತ್ತುಬಂತು. ಎರಡು ಲೋಬ್ ಮುದುಡಿದವು, ಇನ್ನೆರಡು ಅರಳಿಕೊಂಡೇ ಕೂತವು. ಅವನು ನಟ್ ಕೀಳುವ ಟೂಲಿನ ಕೊಕ್ಕೆಯನ್ನು ಒಂದು ಲೋಬಿನ ತೂತಿಗೆ ಸಿಕ್ಕಿಸಿ, ಇನ್ನೊಂದನ್ನು ಬೆರಳಿನಿಂದ ಎಳೆದು, ಟ್ರಿಗರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. "ಬಿಟ್ಟು ಬಾ ಮಾರಾಯ" ಅಂದೆ. ಬಿಡಲಿಲ್ಲ. ಅರ್ಧ ಗಂಟೆ ಹಿಡಿಯಿತು. ಕ್ಯಾಮ್ ಬಂತು, ಜೊತೆಗೆ ಅವನ ಬೆರಳಿನ ಚರ್ಮವೂ ಬಂತು.

ಟ್ರಿಗರ್ ತಂತಿ ಬೀಳುವ ಭಾರ ಹೊರುವುದಿಲ್ಲ, ಲೋಬ್ ಮುದುಡಿಸುವುದಷ್ಟೇ ಅದರ ಕೆಲಸ. ಚಿಕ್ಕ ರಿಪೇರಿ. ಕಂಪನಿಗೆ ಬರೆದೆ. ಆರು ವಾರದ ಮೇಲೆ ಉತ್ತರ ಬಂತು: ರಿಪೇರಿ ಮಾಡುವುದಿಲ್ಲ, ಹೊಸದು ಕೊಳ್ಳಿ. ಮಾಡಿದ ಊರು ಯಾವುದಾದರೇನು, ಅಲ್ಲಿಗೆ ವಾಪಸ್ ಹೋಗುವ ದಾರಿಯೇ ಮುಚ್ಚಿದ್ದರೆ?

ಈ ಪ್ರಶ್ನೆ ಸ್ಲಿಂಗ್‌ನಲ್ಲಿ ಇನ್ನೂ ಜೋರಾಗಿ ಬರುತ್ತದೆ. ಲೋಹ ಬಹಳ ಕಾಲ ಬಾಳುತ್ತದೆ, ಬಟ್ಟೆ ಬಾಳುವುದಿಲ್ಲ. ಒಮ್ಮೆಯೂ ಬಳಸದಿದ್ದರೂ 10 ವರ್ಷಕ್ಕೆ ತೆಗೆದುಹಾಕಿ ಎನ್ನುವುದು ತಯಾರಕರ ಸಾಮಾನ್ಯ ಮಾತು. ಬಿಸಿಲು, ಮಣ್ಣು ಕಂಡ ಸ್ಲಿಂಗ್ ಇನ್ನೂ ಬೇಗ ಹೋಗುತ್ತದೆ. ಡಿಎಂಎಂ, ಮೆಟೋಲಿಯಸ್ ಇಬ್ಬರೂ ತಮ್ಮ ಕ್ಯಾಮ್‌ಗೆ ಹೊಸ ಸ್ಲಿಂಗ್ ಹೊಲಿದು ಕೊಡುತ್ತಾರೆ. ತೀರಾ ಹಗುರ ಬೇಕು ಅನ್ನುವವರು ಒಂದು ವಿಷಯ ನೋಡಿಕೊಳ್ಳಿ. ಕ್ಯಾಮಲಾಟ್ ಅಲ್ಟ್ರಾಲೈಟ್‌ನಲ್ಲಿ ಕಾಂಡದೊಳಗೂ ಸ್ಟೀಲ್ ಕೇಬಲ್ ಬದಲು ಡೈನೀಮಾ ದಾರವಿದೆ. ಹೊರಗಿನ ಸ್ಲಿಂಗ್ ಬದಲಿಸಿದರೂ ಒಳಗಿನದ್ದಕ್ಕೆ ವಯಸ್ಸಾಗುತ್ತಲೇ ಇರುತ್ತದೆ, ಕಣ್ಣಿಗೂ ಕಾಣುವುದಿಲ್ಲ. ನಾನು ಅದನ್ನು ಕೊಳ್ಳದೆ ಸಿ4 ತೆಗೆದುಕೊಂಡಿದ್ದು ಈ ಕಾರಣಕ್ಕೆ.

ಈ ವಾರ ಎಲ್ಲವನ್ನೂ ಬಿಸಿನೀರಿನಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಆಕ್ಸಲ್ ಉಜ್ಜಿ, ಒಣಗಿಸಿ, ಮೇಣದ ಲೂಬ್ ಹಾಕಿದ್ದೇನೆ. ಸಾದಾ ಎಣ್ಣೆ ಹಾಕಬೇಡಿ, ದೂಳು ಅಂಟಿ ಎರಡೇ ದಿನಕ್ಕೆ ಗರಗರ ಅನ್ನುತ್ತದೆ. ಡ್ರ್ಯಾಗನ್‌ಗಳ ಸ್ಲಿಂಗ್ ನೂಲು ಎದ್ದಿದೆ, ಅವು ಲಾನ್‌ಬೆರಿಸ್‌ಗೆ ಹೋಗಲು ಡಬ್ಬದಲ್ಲಿ ಕೂತಿವೆ. ಆ ಸಣ್ಣ ಕ್ಯಾಮ್‌ಗೆ ನಾನೇ ಸೈಕಲ್ ಗೇರಿನ ತಂತಿ ಕಟ್ಟಿದ್ದೇನೆ. ಎಳೆದರೆ ಲೋಬ್ ಸ್ವಲ್ಪ ಸೊಟ್ಟ ಮುದುಡುತ್ತದೆ. ಬಂಡೆಗೆ ಒಯ್ಯುವುದಿಲ್ಲ, ಹೊಸಬರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ.